ದೂರದಿಂದ ನೋಡಿದರೆ ಇರುವ ದಾರಿ

ಬೆಳಗ್ಗೆ ಒಂಬತ್ತಕ್ಕೆ ನಕ್ಷೆ ವಿಭಾಗದ ಫೋನು ಹೊಡೆದುಕೊಂಡಿತು. ಸುದ್ದಿ ಇಷ್ಟೇ: ನಿನ್ನೆ ಮಧ್ಯಾಹ್ನ ಔಷಧಿ ಪೆಟ್ಟಿಗೆ ಹೊತ್ತು ಬೆಟ್ಟದಾಚೆಯ ಹಳ್ಳಿಗೆ ಹೊರಟ ನರ್ಸ್ ಇನ್ನೂ ತಲುಪಿಲ್ಲ. ಐದು ಗಂಟೆ ನಡೆದರೆ ಸಿಗುವ ಹಳ್ಳಿ. ಇಪ್ಪತ್ತೊಂದು ಗಂಟೆ ಕಳೆದಿದೆ.

ಫೋನು ಎತ್ತಿದವಳು ಹನ್ನೊಂದು ವರ್ಷದಿಂದ ಅಲ್ಲಿ ಇಂಟರ್ನೆಟ್ ನಕ್ಷೆ ರಿಪೇರಿ ಮಾಡುತ್ತಿದ್ದ ಹೆಂಗಸು. ಎಲ್ಲರ ಬಾಯಲ್ಲೂ ಅವಳು ನಕ್ಷೆಯಕ್ಕ. ಕಾಣೆಯಾದ ನರ್ಸ್ ಬೇರೆ ಯಾರೂ ಅಲ್ಲ, ಅವಳ ಗಂಡನ ತಂಗಿ. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಬಚ್ಚಲಿಗೆ ದಿನಾ ಬೆಳಗ್ಗೆ ಕಾದಾಡುವವರು. ಆದರೆ ಮನೆಯಿಂದಾಚೆ ಬಂದರೆ ನಾದಿನಿಯ ಮಾತೇ ಬೇರೆ. "ನಮ್ಮತ್ತಿಗೆ ಮಾಡಿದ ನಕ್ಷೆ ಕಣ್ರೀ," ಎಂದು ಫೋನು ತೆಗೆದು ಕಂಡವರಿಗೆಲ್ಲ ತೋರಿಸುತ್ತಿದ್ದಳು.

ಸಾಹೇಬರು ಚಹಾದ ಲೋಟ ಕೆಳಗಿಡಲೂ ಇಲ್ಲ. "ನಕ್ಷೆಯಲ್ಲಿ ದಾರಿ ಚೆನ್ನಾಗೇ ಇದೆಯಲ್ರೀ. ಎಲ್ಲೋ ಕೂತಿರ್ತಾರೆ, ಬರ್ತಾರೆ ಬಿಡಿ."

ನಕ್ಷೆಯಲ್ಲಿ ಚೆನ್ನಾಗಿದೆಯಂತೆ! ಬೆಟ್ಟವೇನು ಇವರ ನಕ್ಷೆ ನೋಡಿಕೊಂಡು ಕುಸಿಯುತ್ತದೆಯೇ?

ಹೊರಗೆ ಕಾರಿಡಾರಿನ ಬೆಂಚು ಕಿರ್ರೆಂದಿತು. ಅಲ್ಲಿ ಕೂತಿದ್ದವನು ಗೊಣಗಜ್ಜ. ಮೂವತ್ತು ವರ್ಷ ಬೆಟ್ಟದ ದಾರಿ ಕಾದು, ಕಲ್ಲು ಸರಿಸಿ, ಮುಳ್ಳು ಕಡಿದು ನಿವೃತ್ತನಾದ ಕಾವಲುಗಾರ. ಅವತ್ತು ಅವನು ಐದನೇ ಸಲ ಬಂದಿದ್ದ. ಹಿಂದಿನ ನಾಲ್ಕು ಸಲವೂ ಒಂದೇ ದೂರು: ಕಮರಿ ಪಕ್ಕದ ಹಳೇ ದಾರಿ ಮೂರು ವರ್ಷದ ಹಿಂದೆ ಕುಸಿದು ಹೋಗಿದೆ, ನಿಮ್ಮ ನಕ್ಷೆ ಮಾತ್ರ ಇನ್ನೂ ಅದನ್ನೇ ತೋರಿಸುತ್ತಿದೆ. ನಾಲ್ಕು ಸಲವೂ ನಕ್ಷೆಯಕ್ಕ ಅವನನ್ನು ದೊಡ್ಡ ಪರದೆಯ ಮುಂದೆ ಕೂರಿಸಿ ತೋರಿಸಿದ್ದಳು. "ನೋಡಿ ಅಜ್ಜ, ಬೆಟ್ಟದ ಬೆನ್ನು, ಆ ಏಣು ಸುತ್ತಿಕೊಂಡು ಹೋಗೋ ಹೊಸ ದಾರಿ ಹಾಕಿದೀವಿ. ಹಳೇದು ಎಲ್ಲಿದೆ ಹೇಳಿ?" ಹಳೇದು ಕಾಣುತ್ತಿರಲಿಲ್ಲ. ಅಜ್ಜ ಗೊಣಗುತ್ತ ಎದ್ದು ಹೋಗುತ್ತಿದ್ದ. ದೂರಿನ ಮುಂದೆ 'ಸರಿಪಡಿಸಲಾಗಿದೆ' ಎಂದು ಬೀಳುತ್ತಿತ್ತು.

ಈಗ ಅಜ್ಜ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ. "ಯಾವ ದಾರೀಲಿ ಹೋದಳಮ್ಮ ಹುಡುಗಿ?"

ನಕ್ಷೆಯಕ್ಕ ಕಂಪ್ಯೂಟರಿನ ಮುಂದೆ ಕೂತಳು.

ಇಂಟರ್ನೆಟ್ ನಕ್ಷೆ ಎಂದರೆ ಒಂದು ಹಾಳೆಯಲ್ಲ. ದೂರದಿಂದ ನೋಡುವವರಿಗೆ ಒಂದು ಚಿತ್ರ, ಹತ್ತಿರದಿಂದ ನೋಡುವವರಿಗೆ ಇನ್ನೊಂದು, ಹೀಗೆ ಹದಿನಾಲ್ಕು ಹಂತ. ಪ್ರತಿ ಹಂತಕ್ಕೂ ಮೊದಲೇ ಬರೆದಿಟ್ಟ ಚೌಕಗಳಿರುತ್ತವೆ. ನಾವು ಬೆರಳಾಡಿಸಿದಂತೆ ಫೋನು ಆ ಚೌಕಗಳನ್ನು ಕೇಳಿ ತರಿಸಿ ಜೋಡಿಸುತ್ತದೆ. ಯಾರ ಫೋನು ಯಾವ ಚೌಕ ಕೇಳಿತು ಎಂಬ ಪಟ್ಟಿ ಕಚೇರಿಯ ಸರ್ವರಿನಲ್ಲಿ ಉಳಿದಿರುತ್ತದೆ. ಅವಳು ನಾದಿನಿಯ ಫೋನಿನ ಪಟ್ಟಿ ತೆಗೆದಳು.

ನಿನ್ನೆ ಬೆಳಗ್ಗೆ ಹನ್ನೆರಡು ಚೌಕ ಇಳಿಸಿಕೊಂಡಿದ್ದಳು. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಫೋನಿನಲ್ಲಿ ಜಾಗವೂ ಕಡಿಮೆ. ಹಾಗಾಗಿ ದೂರದ ಹಂತದ್ದನ್ನೇ ಇಳಿಸಿಕೊಂಡಿದ್ದಳು, ಎಲ್ಲ ನಡಿಗೆಯವರೂ ಮಾಡುವ ಹಾಗೆ.

ನಕ್ಷೆಯಕ್ಕ ಅದೇ ಹನ್ನೆರಡು ಚೌಕ ಪರದೆಗೆ ತಂದಳು. ಕಮರಿ ಪಕ್ಕದಲ್ಲಿ ಹಳೇ ದಾರಿ ಕೆಂಪಗೆ, ನೆಟ್ಟಗೆ, ಜಂಬದಿಂದ ಹೋಗುತ್ತಿತ್ತು. ಹತ್ತಿರದ ಹಂತಕ್ಕೆ ಬಂದಳು. ಹಳೇ ದಾರಿ ಮಾಯ, ಹೊಸ ದಾರಿ ಹಾಜರ್. ಮತ್ತೆ ದೂರ ಹೋದಳು. ಹಳೇ ದಾರಿ ಪ್ರತ್ಯಕ್ಷ.

"ಅಯ್ಯೋ," ಎಂದಳು.

ದಾರಿಯನ್ನು ತಿದ್ದಿದ್ದು ನಿಜ. ಆದರೆ ದೂರದ ಹಂತದ ಚೌಕಗಳನ್ನು ಮತ್ತೆ ಬರೆಸಿರಲೇ ಇಲ್ಲ. ತಿದ್ದಿದವಳು ಹತ್ತಿರದಿಂದ ನೋಡಿ ತೃಪ್ತಿಪಟ್ಟಿದ್ದಳು. ಅಜ್ಜನ ಕೈಯಲ್ಲಿದ್ದದ್ದು ಅಂಗೈಯಗಲದ ಫೋನು. ಅದರಲ್ಲಿ ಅವನಿಗೆ ಕಂಡದ್ದು ದೂರದ ಹಂತದ ಚೌಕ. ನಾಲ್ಕು ಸಲ ಬಂದು ಹೇಳಿದವನಿಗೆ "ನಿಮ್ಮ ಫೋನು ತೋರಿಸಿ ಅಜ್ಜ" ಎಂದು ಒಬ್ಬರಾದರೂ ಕೇಳಿದ್ದರೇ? ಇಲ್ಲ!

"ನಾನು ಬಡ್ಕೊಂಡಿದ್ದು ಇದನ್ನೇ!" ಅಜ್ಜ ಪರದೆಗೆ ಬೆರಳು ಕುಟ್ಟಿದ. "ನಾಲ್ಕು ಸಲ! ನಾಲ್ಕು ಸಲವೂ ಹುಚ್ಚು ಮುದುಕ ಅಂತ ಕಳಿಸಿದ್ರಿ!"

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ನಿನ್ನೆ ಮಧ್ಯಾಹ್ನ ಎರಡು ನಲವತ್ತಕ್ಕೆ ಆ ಫೋನು ಇನ್ನೊಂದು ಚೌಕ ಕೇಳಿ, ಅರ್ಧದಲ್ಲೇ ನಿಂತುಹೋಗಿತ್ತು.

"ಸಿಗ್ನಲ್ ಸಿಕ್ಕಿದೆ, ಮತ್ತೆ ಹೋಗಿದೆ," ಎಂದಳು ನಕ್ಷೆಯಕ್ಕ. "ಅಜ್ಜ, ಆ ದಾರೀಲಿ ಸಿಗ್ನಲ್ ಎಲ್ಲಿ ಸಿಗುತ್ತೆ?"

"ಒಂದೇ ಕಡೆ. ಟವರಿಗೆ ಎದುರಾಗೋ ತಿರುವು. ಅದು ದಾಟಿ ಇನ್ನೂರು ಹೆಜ್ಜೆಗೆ ಕುಸಿತ. ತಲೆ ಮೇಲೆ ಕುರ್ಚಿ ಬಂಡೆ."

ಎಲ್ಲಿದ್ದಾಳೆ ಎಂಬುದು ತಿಳಿದುಹೋಯಿತು. ನಕ್ಷೆಯಕ್ಕ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದಳು. ಎದ್ದು ನಿಂತು ಕೀಬೋರ್ಡಿಗೆ ಕೈ ಹಾಕಿದಳು.

"ಏನ್ ಮಾಡ್ತಿದೀರಿ?" ಸಾಹೇಬರ ಲೋಟ ಈಗ ಕೆಳಗಿಳಿಯಿತು.

"ಬೆಟ್ಟದ ಹಳೇ ಚೌಕಗಳನ್ನೆಲ್ಲ ಅಳಿಸ್ತಿದೀನಿ."

"ಮತ್ತೆ ಬರೆಯೋಕೆ ಒಂದೂವರೆ ದಿನ ಬೇಕು! ಅಲ್ಲೀವರೆಗೆ ಖಾಲಿ ಕಾಣುತ್ತೆ. ನಾಲ್ಕು ಗಂಟೆಗೆ ಮೇಲಿನವರು ನಕ್ಷೆ ನೋಡೋಕೆ ಬರ್ತಿದಾರೆ ರೀ!"

"ಖಾಲಿ ಕಂಡರೆ ಜನ ದಾರಿ ಕೇಳ್ತಾರೆ, ಸಾರ್. ಸುಳ್ಳು ಕಂಡರೆ ನಡೀತಾರೆ."

ಒತ್ತಿಬಿಟ್ಟಳು. ಪರದೆಯ ಮೇಲೆ ಬೆಟ್ಟವಿದ್ದ ಜಾಗ ಬೆಳ್ಳಗಾಯಿತು.

ಹತ್ತೂವರೆಗೆ ನಕ್ಷೆಯಕ್ಕ, ಅಜ್ಜ ಸೇರಿ ಮೂವರು ಬೆಟ್ಟದ ಬುಡದಲ್ಲಿದ್ದರು. ಮೂರನೆಯವನು ಅಗ್ನಿಶಾಮಕ ದಳದ ಹಗ್ಗದವನು. ಬಾಗಿಲಷ್ಟು ಅಗಲದ ಮನುಷ್ಯ, ಮಾತು ಕಡಿಮೆ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು.

"ಮಳೆ ಬಿದ್ದರೆ ಆ ಇಳಿಜಾರು ಮತ್ತೆ ಜಾರುತ್ತೆ," ಎಂದ ಅಜ್ಜ. "ಕೆಳಗಿನ ದಾರಿ ಬೇಡ. ಏಣಿನ ಮೇಲೆ ಹೋಗಿ ಕುರ್ಚಿ ಬಂಡೆಯಿಂದ ಇಳಿಯಬೇಕು."

ಮೊದಲ ಒಂದು ತಾಸು ಕಾಡು. ಕತ್ತೆತ್ತಿದರೂ ತುದಿ ಕಾಣದ ಮರಗಳು, ಬುಡದಲ್ಲಿ ಮೊಣಕಾಲುದ್ದ ಜರೀಗಿಡ, ಕಾಲಿಟ್ಟರೆ ಒಳಕ್ಕಿಳಿಯುವ ಕೊಳೆತೆಲೆ. ಬಿಸಿಲು ಅಲ್ಲೊಂದು ಇಲ್ಲೊಂದು ಬಿಲ್ಲೆಯಾಗಿ ಬಿದ್ದಿತ್ತು. ಎಲ್ಲೋ ಒಂದು ಮರಕುಟಿಗ ಟಕಟಕ ಕುಟ್ಟುತ್ತಿತ್ತು. ಕಾಡು ಮುಗಿದದ್ದೇ ಹುಲ್ಲಿನ ಏಣು, ಎರಡೂ ಕಡೆ ಆಳ, ನಡುವೆ ಎತ್ತಿನ ಬೆನ್ನಿನಂತೆ ಉಬ್ಬಿದ ಹಾದಿ. ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನಿನ ಬೆವರು ಆರಿಸಿತು. ಎಡಗಡೆ ಕೆಳಗೆ ಕಮರಿ ಬಾಯ್ಬಿಟ್ಟುಕೊಂಡಿತ್ತು, ಅದರ ಗೋಡೆಯಲ್ಲಿ ಕುಸಿತದ ಗಾಯ ಇನ್ನೂ ಹಸಿಯಾಗಿ ಹಳದಿ ಮಣ್ಣು ತೋರಿಸುತ್ತಿತ್ತು.

ಹನ್ನೊಂದು ವರ್ಷ ಈ ಏಣನ್ನು ಪರದೆಯ ಮೇಲೆ ಎಳೆದಾಡಿದವಳು ಇವತ್ತೇ ಮೊದಲ ಸಲ ಅದರ ಮೇಲೆ ಕಾಲಿಟ್ಟಿದ್ದಳು! ಏದುಸಿರು ಬಿಡುತ್ತ ಹೇಳಿದಳು: "ನಕ್ಷೇಲಿ ಇಷ್ಟು ಏರಿಲ್ಲ ಅಜ್ಜ."

"ನಕ್ಷೇಲಿ ನಿನಗೆ ಕಾಲೂ ಇಲ್ಲ. ನಡಿ."

ಒಂದೂವರೆಗೆ ಕುರ್ಚಿ ಬಂಡೆ ಮುಟ್ಟಿದರು. ಬೆನ್ನು, ಕೈ ಎಲ್ಲ ಇರುವ ಕಲ್ಲಿನ ಕುರ್ಚಿ. ಅಜ್ಜ ಅಂಚಿನಲ್ಲಿ ಬೋರಲು ಮಲಗಿ, ಬಾಯಿಗೆ ಎರಡೂ ಕೈ ಹಿಡಿದು ಕೂಗಿದ. ಕಮರಿ ಅದನ್ನೇ ಮೂರು ಸಲ ಕೂಗಿ ಹಿಂದಿರುಗಿಸಿತು.

ಅಜ್ಜ ಕಿವಿಗೊಟ್ಟ.

ಮತ್ತೆ ಕೂಗಿದ. ಈ ಸಲ ಕೆಳಗಿನಿಂದ ಟಣ್ ಟಣ್ ಎಂದು ತಗಡಿನ ಸದ್ದು. ಔಷಧಿ ಪೆಟ್ಟಿಗೆಗೆ ಕಲ್ಲಿನಿಂದ ಬಡಿಯುವ ಸದ್ದು.

"ಇದಾಳೆ! ಜೀವಂತ ಇದಾಳೆ!"

ಹಗ್ಗದವನು ಬಂಡೆಗೆ ಎರಡು ಸುತ್ತು ಹಗ್ಗ ಬಿಗಿದು, ಅಂಚಿಗೆ ಬಂದು ಇಣುಕಿದ. ಎಪ್ಪತ್ತು ಅಡಿ ಕೆಳಗೆ ಗೋಡೆಯಿಂದ ಹೊರಬಂದ ಮಂಚದಗಲದ ಒಂದು ಚಾಚು, ಮೇಲೆ ನಾದಿನಿ. ಅದರ ಮಣ್ಣು ಬುಡದಿಂದ ಉದುರುತ್ತಿತ್ತು.

"ನಾನು ತೊಂಬತ್ತೈದು ಕಿಲೋ," ಎಂದ. "ನಾನಿಳಿದರೆ ಅದು ಉಳಿಯಲ್ಲ." ಅಜ್ಜನನ್ನು ನೋಡಿದ. ಅಜ್ಜನ ಕೈ ನಡುಗುತ್ತಿತ್ತು. ಕೊನೆಗೆ ಇಬ್ಬರೂ ನಕ್ಷೆಯಕ್ಕನ ಕಡೆ ತಿರುಗಿದರು.

"ಕಟ್ಟಿ," ಎಂದಳು ಅವಳು.

ಹಗ್ಗದವನು ಅವಳ ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದ. "ಕೆಳಗೆ ನೋಡ್ಬೇಡಿ. ಗೋಡೆಗೆ ಕಾಲು ಊರಿ ಹಿಂದಕ್ಕೆ ವಾಲಿ. ನಾನು ಬಿಡಲ್ಲ."

ಇಳಿದಳು.

ಹತ್ತು ಅಡಿ. ಇಪ್ಪತ್ತು. ಕಾಲ ಕೆಳಗಿನ ಕಲ್ಲು ಕಳಚಿತು. ಗಿರ್ರನೆ ತಿರುಗಿದಳು. ಭುಜ ಗೋಡೆಗೆ ಬಡಿಯಿತು.

"ನಿಲ್ಸಿ! ನಿಲ್ಸಿ!"

ಹಗ್ಗ ನಿಂತಿತು. ಕಳಚಿದ ಕಲ್ಲು ಕೆಳಗೆ ಬೀಳುತ್ತಲೇ ಇತ್ತು, ಬಿದ್ದ ಸದ್ದು ಮಾತ್ರ ಬರಲಿಲ್ಲ. ಮೊದಲ ಮಳೆಹನಿ ಕೆನ್ನೆಗೆ ಬಿತ್ತು.

"ಬಿಡಿ! ಬೇಗ!"

ಚಾಚಿಗೆ ಕಾಲು ತಾಗಿತು. ಗೋಡೆಗೆ ಒರಗಿ ನಾದಿನಿ ಕೂತಿದ್ದಳು. ಮುಖದ ತುಂಬ ಮಣ್ಣು, ತುಟಿ ನೀಲಿ. ಮುರಿದ ಕಾಲಿಗೆ ತಾನೇ ಎರಡು ಕೋಲಿಟ್ಟು ಬ್ಯಾಂಡೇಜು ಸುತ್ತಿಕೊಂಡಿದ್ದಳು. ಪೆಟ್ಟಿಗೆ ತೊಡೆಯ ಮೇಲಿತ್ತು.

"ಅತ್ತಿಗೆ," ಎಂದಳು ಒಡೆದ ದನಿಯಲ್ಲಿ, "ನಿಮ್ಮ ನಕ್ಷೆ ಪ್ರಕಾರ ನಾನೀಗ ದಾರಿ ಮಧ್ಯೆ ಇದೀನಿ."

ನಕ್ಷೆಯಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಪಟ್ಟಿಯನ್ನು ನಾದಿನಿಯ ಸೊಂಟಕ್ಕೆ ಸುತ್ತುತ್ತಲೇ ಹೇಳಿಬಿಟ್ಟಳು: "ತಪ್ಪು ನಂದೇ ಕಣೇ. ಅಜ್ಜ ನಾಲ್ಕು ಸಲ ಬಂದು ಹೇಳಿದ್ರು. 'ಸರಿಪಡಿಸಲಾಗಿದೆ' ಅಂತ ನಾಲ್ಕು ಸಲವೂ ಬರೆದೋಳು ನಾನು."

ನಾದಿನಿ ಅವಳನ್ನೇ ದಿಟ್ಟಿಸಿದಳು. ಚಾಚಿನ ಅಂಚಿನಿಂದ ಹಿಡಿಯಷ್ಟು ಮಣ್ಣು ಜಾರಿ ಹೋಯಿತು.

"ಮೇಲೆ ಹೋಗಿ ಜಗಳ ಆಡೋಣ, ಅತ್ತಿಗೆ. ಇಲ್ಲಿ ಜಾಗ ಸಾಲದು."

ಮೊದಲು ನಾದಿನಿ ಮೇಲೇರಿದಳು. ಪೆಟ್ಟಿಗೆ ಬಿಡು ಎಂದರೆ ಬಿಡಲಿಲ್ಲ, ಎದೆಗೆ ಕಟ್ಟಿಕೊಂಡೇ ಹೋದಳು. ಮಳೆ ಜೋರಾಯಿತು. ಗೋಡೆಯಿಂದ ಕೆಸರು ಹರಿಯತೊಡಗಿತು. ನಕ್ಷೆಯಕ್ಕ ಬೆನ್ನನ್ನು ಬಂಡೆಗೆ ಒತ್ತಿ, ಉಗುರುಗಳನ್ನು ಸಂದಿಗೆ ನೆಟ್ಟು ಕಾದಳು. ಕಾಲ ಕೆಳಗೆ ಏನೋ ಗುಡುಗಿತು.

ಹಗ್ಗ ಬಂತು. ಕೈ ಜಾರಿತು. ಮತ್ತೆ ಹಿಡಿದಳು. ಅದರ ತುದಿಯಲ್ಲಿ ಬಂದ ಪಟ್ಟಿ ಸುತ್ತಿಕೊಂಡು ಕೊಕ್ಕೆ ಸಿಕ್ಕಿಸಿದಳು.

"ಎಳೀರಿ!"

ಕಾಲು ಮೇಲೆದ್ದ ಕ್ಷಣಕ್ಕೆ ಚಾಚು ಸದ್ದಿಲ್ಲದೆ ಬುಡಸಮೇತ ಹೊರಟುಹೋಯಿತು. ಅವಳು ಗಾಳಿಯಲ್ಲಿ ತೂಗಿದಳು. ಮೇಲೆ ಹಗ್ಗದವನು ಅಂಗೈ ಸುಟ್ಟರೂ ಬಿಡಲಿಲ್ಲ. ಕೈ ನಡುಗುವ ಅಜ್ಜ ಅವನ ಸೊಂಟ ತಬ್ಬಿ, ಕುರ್ಚಿ ಬಂಡೆಗೆ ಕಾಲು ಕೊಟ್ಟು ಕೂತುಬಿಟ್ಟಿದ್ದ. ಒಂದೊಂದು ಅಡಿಯಾಗಿ ಅವಳನ್ನು ಎಳೆದುಕೊಂಡರು.

ಹೊಸ ದಾರಿಯಲ್ಲೇ ಇಳಿದರು. ಹಗ್ಗದವನ ಬೆನ್ನ ಮೇಲೆ ನಾದಿನಿ, ಅಜ್ಜನ ತಲೆಯ ಮೇಲೆ ಪೆಟ್ಟಿಗೆ. ದಾರಿಯುದ್ದಕ್ಕೂ ನಾದಿನಿ ಮಾತು ಕೊಟ್ಟಂತೆ ಜಗಳವಾಡಿದಳು. "ಕಂಡಕಂಡವರಿಗೆ ತೋರ್ಸಿ ಹೊಗಳಿದ್ನಲ್ಲ, ನನಗೆ ಬುದ್ಧಿ ಇಲ್ಲ!" ನಕ್ಷೆಯಕ್ಕ ಒಂದಕ್ಕೂ ಎದುರಾಡಲಿಲ್ಲ. ಬಚ್ಚಲಿನ ಸರದಿಯನ್ನೂ ನಾದಿನಿ ಅಲ್ಲೇ ತನ್ನ ಹೆಸರಿಗೆ ಬರೆಸಿಕೊಂಡಳು. ಬುಡ ಮುಟ್ಟಿದಾಗ ಇನ್ನೂ ಬೆಳಕಿತ್ತು, ಆಂಬುಲೆನ್ಸು ಕಾಯುತ್ತಿತ್ತು.

ಮಾರನೆಯ ದಿನ ಸಾಹೇಬರು ಕಾರಣ ಕೇಳುವ ನೋಟಿಸು ಟೈಪು ಮಾಡಿಸಿಟ್ಟಿದ್ದರು: ನಾಲ್ಕು ಗಂಟೆಗೆ ಬಂದ ಮೇಲಿನವರ ಮುಂದೆ ನಕ್ಷೆ ಖಾಲಿ ಕಂಡದ್ದೇಕೆ? ಮನುಷ್ಯಳೊಬ್ಬಳು ಬದುಕಿ ಬಂದದ್ದರ ಬಗ್ಗೆ ಅದರಲ್ಲಿ ಒಂದಕ್ಷರವಿರಲಿಲ್ಲ! ನಕ್ಷೆಯಕ್ಕ ಊದಿದ ಭುಜದಲ್ಲೇ ಉತ್ತರ ಬರೆದಳು. ಅಜ್ಜನ ನಾಲ್ಕು ದೂರುಗಳನ್ನು ತಾರೀಕು ಸಮೇತ ಲಗತ್ತಿಸಿದಳು, ತನ್ನ ತಪ್ಪನ್ನೂ ಬರೆದಳು, ಒಂದು ಪ್ರತಿಯನ್ನು ನೇರವಾಗಿ ಆ ಮೇಲಿನವರಿಗೇ ಕಳಿಸಿದಳು. ಆಮೇಲೆ ಆ ನೋಟಿಸಿನ ಸುದ್ದಿಯನ್ನು ಸಾಹೇಬರು ಎತ್ತಲಿಲ್ಲ.

ಚೌಕಗಳು ಹದಿನಾಲ್ಕು ಹಂತದಲ್ಲೂ ಹೊಸದಾಗಿ ಬರೆದು ಮುಗಿದವು. ಅವಳು ಇನ್ನೊಂದು ಬದಲಾವಣೆಯನ್ನೂ ಮಾಡಿದಳು. ದೂರು ಮುಗಿಸುವ ಗುಂಡಿಯನ್ನು ಕಚೇರಿಯ ಪರದೆಯಿಂದ ಕಿತ್ತು, ದೂರು ಕೊಟ್ಟವರ ಫೋನಿಗೆ ಕೊಟ್ಟಳು. ಅವರು ನೋಡಿ ಒತ್ತಿದರೆ ಮಾತ್ರ ಮುಗಿಯಿತು.

ಗೊಣಗಜ್ಜನನ್ನು ಕರೆಸಿ, ಅವನದೇ ಫೋನಿನಲ್ಲಿ ಒಂದೊಂದೇ ಹಂತ ತೋರಿಸಿದಳು. ಅಜ್ಜ ಪ್ರತಿ ಹಂತಕ್ಕೂ "ಹ್ಞೂ" ಎಂದ.

"ಎಲ್ಲಾ ಸರಿ ಇದೆಯಲ್ಲ, ಅಜ್ಜ? ಈ ಗುಂಡಿ ಒತ್ತಿ."

"ಇಲ್ಲಿ ಕೂತು ಒತ್ತೋಕೆ ನಾನೇನು ನಿಮ್ಮ ಆಫೀಸಿನೋನಾ? ನಡೆದು ನೋಡಿ ಒತ್ತೀನಿ."

ಐದು ದಿನ ದೂರು ಕೆಂಪಗೇ ಇತ್ತು. ಆರನೇ ದಿನ ಹನ್ನೊಂದು ಗಂಟೆಗೆ ಅದು ಹಸಿರಾಯಿತು. ಏಣಿನ ತುದಿಯಲ್ಲಿ ಸಿಗ್ನಲ್ ಸಿಕ್ಕ ಕಡೆಯಿಂದ ಅಜ್ಜ ಬರೆದಿದ್ದ: "ದಾರಿ ಇದೆ." ಕೆಳಗೇ ಹೊಸ ದೂರೊಂದು ತೆರೆದುಕೊಂಡಿತು: "ನಿಮ್ಮ ಕಾರಿಡಾರಿನ ಬೆಂಚಿನ ಕಾಲು ಅಲ್ಲಾಡುತ್ತೆ. ಐದು ಸಲ ಕೂತಿದೀನಿ."

ನಕ್ಷೆಯಕ್ಕ ಸುತ್ತಿಗೆ ಹುಡುಕಿಕೊಂಡು ಹೊರಗೆ ಹೋದಳು. ಮೊಳೆ ಹೊಡೆದು, ಕೂತು ನೋಡಿದಳು, ಅಲ್ಲಾಡಲಿಲ್ಲ. ಆದರೂ ಆ ದೂರು ಕೆಂಪಗೇ ಇರಲಿ ಎಂದುಕೊಂಡಳು. ಅಜ್ಜ ಬಂದು ಕೂರಬೇಕಲ್ಲ.