ಬೆಕ್ಕು ತಲೆಯಾಡಿಸಿದರೆ ಆಯಿತು

ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟದಾಚೆ, ಎಂಟನೆಯದರ ಬೆನ್ನ ಮೇಲೆ, ಮೀಸೆದುರ್ಗವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಎಳೆಯ ರಾಜ ಕುಸುಮಕೇತು. ಅವನ ಸಿಂಹಾಸನದ ಪಕ್ಕ ಬೊಮ್ಮಿ ಎಂಬ ಬಿಳಿ ಬೆಕ್ಕು ಕೂರುತ್ತಿದ್ದಳು. ಅವಳಿಗೆ ಮುನ್ನೂರು ವರ್ಷ. ಎದುರಿನ ಕಲ್ಲಿನಲ್ಲಿ ಹಿರಿಯರು ಒಂದೇ ಸಾಲು ಕೆತ್ತಿಸಿದ್ದರು: 'ಬೆಕ್ಕು ತಲೆಯಾಡಿಸಿದರೆ ಆಯಿತು.'

ಮುನ್ನೂರು ವರ್ಷದಲ್ಲಿ ಬೊಮ್ಮಿ ಒಮ್ಮೆಯೂ ತಲೆಯಾಡಿಸಿರಲಿಲ್ಲ. ಹಾಗಾಗಿ ಆ ಸಾಲಿನ ಅರ್ಥ ಯಾರಿಗೂ ಬೇಕಾಗಿರಲಿಲ್ಲ.

ಒಂದು ಸೋಮವಾರದ ಒಡ್ಡೋಲಗದಲ್ಲಿ ಬೊಮ್ಮಿ ಪಟಪಟನೆ ತಲೆಯಾಡಿಸಿಬಿಟ್ಟಳು.

"ಒಪ್ಪಿದಳು!" ಅಂದರು ಮಂತ್ರಿ ನಾಗಣಯ್ಯ.

"ಎಲ್ಲಿ ಒಪ್ಪಿದಳು? ಬೇಡ ಅಂದಳು!" ಅಂದ ಸೇನಾಪತಿ.

ಏನನ್ನು ಒಪ್ಪಿದಳು, ಏನನ್ನು ಬೇಡ ಅಂದಳು ಎಂದು ಕೇಳಿದವರೇ ಇಲ್ಲ. ರಾಜನ ತಲೆ ಮೊಸರುಗಡಿಗೆಯಾಯಿತು.

ಆಗ ಕಂಬದೊಳಗಿಂದ ಮಾಂತ್ರಿಕ ಜಂಬುಮಾರ ಹೊರಬಂದ. "ಆಯಿತು ಅಂದರೆ ಮುಗಿಯಿತು, ಅರಸಾ! ನಿನ್ನ ಸಿಂಹಾಸನಕ್ಕೆ ಮೂರು ಮೆಟ್ಟಿಲು. ಸೋಮವಾರ ಸೋಮವಾರ ಬೆಕ್ಕು ತಲೆಯಾಡಿಸಿದರೆ ನಾನು ಒಂದೊಂದು ಹತ್ತುತ್ತೇನೆ. ನಾಲ್ಕನೆಯ ಸಲಕ್ಕೆ ಸಿಂಹಾಸನದಲ್ಲಿ ಕೂತೇಬಿಡುತ್ತೇನೆ." ಮೊದಲ ಮೆಟ್ಟಿಲು ಹತ್ತಿ ಅಲ್ಲೇ ನಿಂತ. ಊಟವಿಲ್ಲ, ನಿದ್ದೆಯಿಲ್ಲ.

ಸಭೆ ಚದುರಿದ ಮೇಲೆ ರಾಜ ಬೊಮ್ಮಿಯನ್ನು ಕೇಳಿದ: "ನಾನೇನು ತಪ್ಪು ಮಾಡಿದೆ, ತಾಯೀ?" ಬೊಮ್ಮಿ ಹಿಂಗಾಲಿನಿಂದ ಕಿವಿ ಕೆರೆದುಕೊಂಡಳು.

ಎಣ್ಣೆ ಕೊಡಲು ಬಂದಿದ್ದ ಗಾಣಗಿತ್ತಿ ಮಾಳಮ್ಮ ನಿಂತು ನೋಡಿದಳು. "ಅಯ್ಯೋ ಬುದ್ಧೀ, ಅದ್ಕೆ ಕಿವಿ ತುರಿಸ್ತದೆ. ಒಳಗೆ ನೋಡಿ."

ನೋಡಿದರೆ, ಸೀದ ಎಳ್ಳಿನ ಪುಡಿಯ ಹಾಗೆ ಕರಿ ಕಸ. ಅದರಲ್ಲಿ ಬಿಳಿ ನುಸಿಗಳು ಓಡಾಡುತ್ತಿದ್ದವು. ಒಂದೊಂದೂ "ಜಂಬುಮಾರನಿಗೆ ಜಯ" ಅನ್ನುತ್ತಿತ್ತು. ರಾಜ ಸಿಟ್ಟಿನಿಂದ ಕಡ್ಡಿ ಎತ್ತಿಕೊಂಡ.

"ಕಡ್ಡಿ ಹಾಕ್ಬೇಡಿ, ಗಾಯ ಆಯ್ತದೆ!" ಮಾಳಮ್ಮ ಎಣ್ಣೆ ಉಗುರುಬೆಚ್ಚಗೆ ಮಾಡಿ, ಎರಡೂ ಕಿವಿಗೆ ನಾಲ್ಕು ನಾಲ್ಕು ಹನಿ ಬಿಟ್ಟು, ಬುಡ ನೀವಿ, ಹೊರಬಂದ ಕಸವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು. "ದಿನಾ ಹಿಂಗೇ. ಮೂರು ವಾರ."

ಎರಡು ದಿನಕ್ಕೇ ಬೊಮ್ಮಿ ಕೆರೆಯುವುದನ್ನು ನಿಲ್ಲಿಸಿದಳು. ವಾಸಿಯಾದವಳಿಗೆ ಇನ್ನೇಕೆ ಎಣ್ಣೆ ಎಂದು ರಾಜ ಬಿಟ್ಟುಬಿಟ್ಟ. ಸೋಮವಾರ ಬೊಮ್ಮಿ ಮತ್ತೆ ತಲೆಯಾಡಿಸಿದಳು. ಜಂಬುಮಾರ ಎರಡನೆಯ ಮೆಟ್ಟಿಲೇರಿದ.

"ಮೊಟ್ಟೆ ಒಡೆದವೆ ಬುದ್ಧೀ," ಅಂದಳು ಮಾಳಮ್ಮ. "ಹುಳ ಸತ್ರೂ ಮೊಟ್ಟೆ ಸಾಯಾಕಿಲ್ಲ."

ಆ ವಾರ ರಾಜ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಸೋಮವಾರ ಬೊಮ್ಮಿ ತಲೆಯಾಡಿಸಿದಳು. ಜಂಬುಮಾರ ಮೂರನೆಯದನ್ನೂ ಏರಿ ಸಿಂಹಾಸನದ ಮೇಲೆ ಕೈಯಿಟ್ಟ.

ರಾಜನಿಗೆ ಅಳುವೇ ಬಂತು. "ಬಿಟ್ಟರೂ ಬಂತು, ಬಿಡದಿದ್ದರೂ ಬಂತು! ನನಗೊಂದೂ ತಿಳಿಯುತ್ತಿಲ್ಲ, ಮಾಳಮ್ಮ."

"ಹುಳ ಒಂದ್ರಿಂದ ಒಂದ್ಕೆ ಹತ್ತುತದೆ ಬುದ್ಧೀ. ಬೊಮ್ಮಿ ಯಾರ್ ಜೊತೆ ಮಲಗ್ತದೆ?"

ಹುಡುಕಿದರೆ ಅಡುಗೆಮನೆಯ ಗಂಡುಬೆಕ್ಕು ಕರಿಯನ ಜೊತೆ. ಕರಿಯ ಉಗ್ರಾಣದ ಬೆಕ್ಕುಗಳ ಜೊತೆ. ಉಗ್ರಾಣದವು ಲಾಯದವುಗಳ ಜೊತೆ. ಒಟ್ಟು ನಲವತ್ತಮೂರು ಬೆಕ್ಕು!

ಎಲ್ಲವುಗಳ ಕಿವಿಗೂ ದಿನಾ ಎಣ್ಣೆ ಬಿಡುವುದರಲ್ಲಿ ಆ ವಾರ ರಾಜ್ಯಭಾರವೇ ನಿಂತುಹೋಯಿತು. ರಾಜನ ತೊಡೆಯಲ್ಲೊಂದು ಬೆಕ್ಕು, ಮಂತ್ರಿಯ ತೊಡೆಯಲ್ಲೊಂದು. ಯುದ್ಧದಲ್ಲೂ ಗಾಯವಾಗದ ಸೇನಾಪತಿಯ ಮೂಗು ಪರಚಿಹೋಯಿತು. ಬೆಕ್ಕುಗಳ ಹಾಸಿಗೆಯನ್ನೆಲ್ಲ ಕುದಿನೀರಿಗೆ ಹಾಕಿದರು.

ನಾಲ್ಕನೆಯ ಸೋಮವಾರ. ಜಂಬುಮಾರ ಕೂರಲು ಬಗ್ಗಿ ಕಾದ. ಬೊಮ್ಮಿಯ ಒಂದು ಮೀಸೆಯೂ ಅಲುಗಲಿಲ್ಲ. ಉಳಿಯಲು ಬೆಕ್ಕಿನ ಕಿವಿ ಸಿಗದ ನುಸಿಗಳು ಒಡೆಯನನ್ನೇ ಹುಡುಕಿಕೊಂಡು ಬಂದು ಅವನ ಕಿವಿ ಹೊಕ್ಕವು. ಜಂಬುಮಾರ ತಲೆಯಾಡಿಸತೊಡಗಿದ.

ನಾಗಣಯ್ಯ ತಟ್ಟನೆ ಕೇಳಿದರು: "ರಾಜ್ಯ ಬಿಟ್ಟು ಹೋಗಲು ಒಪ್ಪುತ್ತೀಯಾ?"

ಜಂಬುಮಾರ ಇನ್ನೂ ಜೋರಾಗಿ ತಲೆಯಾಡಿಸಿದ.

"ತಲೆಯಾಡಿಸಿದ! ಆಯಿತು!" ಅಂದಿತು ಸಭೆ. ಮಾಡಿದ್ದುಣ್ಣೋ ಮಹರಾಯ! ಮಾಟ ಮುರಿದು, ಮೂರೂ ಮೆಟ್ಟಿಲು ಉರುಳಿ, ಜಂಬುಮಾರ ಕಿವಿ ಕೆರೆಯುತ್ತಾ ಎಂಟು ಬೆಟ್ಟ ದಾಟಿ ಓಡಿದವನು ಮತ್ತೆ ಬರಲಿಲ್ಲ.

ನಗಾರಿ ಬಾರಿಸಿದರು, ಮೆರವಣಿಗೆಗೆ ಆನೆ ತಂದರು. ರಾಜ ಆನೆ ಹತ್ತಲಿಲ್ಲ. "ನಡೆಯಿರಿ, ಇನ್ನೂ ಎರಡು ವಾರ ಎಣ್ಣೆ ಬಾಕಿಯಿದೆ," ಎಂದು ಬಟ್ಟಲು ಹಿಡಿದು ಕರಿಯನನ್ನು ಕರೆದ. ಮೀಸೆದುರ್ಗದವರು ಬೆಕ್ಕುಗಳೊಂದಿಗೆ ನೂರ್ಕಾಲ ಸುಖವಾಗಿದ್ದರು. ಈ ಕತೆ ಹೇಳಿದವರ, ಕೇಳಿದವರ ಮನೆಯ ಬೆಕ್ಕುಗಳೂ ಕಿವಿ ಕೆರೆಯದೆ ನಿದ್ದೆ ಮಾಡಲಿ.