ಕೆನ್ನೆಯ ಲೆಕ್ಕ

ಮ್ಯೂಸಿಯಂ ಮುಂದಿನ ಸಾಲಿನಲ್ಲಿ ನಿಂತುಕೊಂಡೇ ಸೊಲೆನ್ ರೆಮಿಯ ಕೋಟಿನ ಗುಂಡಿ ಹೊಲಿಯುತ್ತಿದ್ದಳು. ಕೋಟು ಅವನ ಮೈಮೇಲೆಯೇ ಇತ್ತು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವರು ಸೂಜಿಯನ್ನು ಒಳಗೆ ಬಿಡುವುದಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಗಿಸಬೇಕು. ರೆಮಿ ಉಸಿರು ಬಿಗಿಹಿಡಿದು ನಿಂತಿದ್ದ. ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದಾಗ ಅವಳ ಹಣೆ ಅವನ ಎದೆಗೆ ತಾಗಿತು. ಎದೆಬಡಿತ ಕೇಳಿಸಿತು. ಅದು ತನ್ನದೋ ಅವನದೋ ತಿಳಿಯಲಿಲ್ಲ.

ಸಂಜೆಯ ರೈಲಿಗೆ ಅವನು ಪ್ಯಾರಿಸ್ ಬಿಟ್ಟು ತನ್ನೂರು ಮಾಂಪೆಲಿಯೆಗೆ ಹೊರಟಿದ್ದ. ಅಲ್ಲೇ ಕೆಲಸ ಸಿಕ್ಕಿತ್ತು. ಇವತ್ತಾದರೂ ಅವನು 'ನೀವು' ಬಿಟ್ಟು ತನ್ನನ್ನು 'ನೀನು' ಅನ್ನಲಿ ಎಂದು ಅವಳು ಬೆಳಗಿನಿಂದ ಹಂಬಲಿಸುತ್ತಿದ್ದಳು. ಆ ಒಂದು ಮಾತು ಬಂದರೆ ಉಳಿದ ಮಾತೆಲ್ಲ ಅದರ ಹಿಂದೆಯೇ ಬರುತ್ತದೆ.

ಪರಿಚಯವಾದದ್ದು ಅವಳು ದುಡಿಯುವ ಬಟ್ಟೆ ರಿಪೇರಿ ಅಂಗಡಿಯಲ್ಲಿ. ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದವನು ಮತ್ತೆ ಮತ್ತೆ ಬಂದ. ಅಂಗಡಿಯ ಒಡತಿ ಯುಗೆತ್ ಸುಮ್ಮನಿರುವವಳಲ್ಲ.

"ಇನ್ನೆಷ್ಟು ಸಲ ಕತ್ತರಿಸ್ತೀಯೆ? ಆ ಕೋಟು ಕೊನೆಗೆ ಬನಿಯನ್ ಆಗುತ್ತೆ ನೋಡು."

ಅಂಗಡಿಯ ಹೊರಗೆ ಮೊದಲ ಸಲ ಭೇಟಿಯಾದ ದಿನ, ಅಲ್ಲಿಯ ವಾಡಿಕೆಯಂತೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟುಕೊಂಡರು. ಪ್ಯಾರಿಸ್ಸಿನವಳಾದ ಸೊಲೆನ್ ಎರಡಕ್ಕೇ ಮುಖ ಹಿಂತೆಗೆದಳು. ಅವನೂರಿನಲ್ಲಿ ಮೂರು. ಮೂರನೆಯದು ಅವಳ ಮಫ್ಲರಿನ ಮೇಲೆ ಬಿತ್ತು. ಅವನು ಕಿವಿಯ ತುದಿಯವರೆಗೂ ಕೆಂಪಾಗಿ ಕ್ಷಮೆ ಕೇಳಿದ. ಚಳಿಗಾಲ ಕಳೆಯುವವರೆಗೂ ಅವಳು ಆ ಮಫ್ಲರನ್ನು ಒಗೆಯಲಿಲ್ಲ.

ಮ್ಯೂಸಿಯಂ ಒಳಗೆ, ಗಸಗಸೆ ಹೂವಿನ ಬಯಲಿನ ಚಿತ್ರದ ಮುಂದೆ ನಿಂತರು. ಅಂಗಡಿಯ ಗುಂಡಿ ಡಬ್ಬಿಯ ಮುಚ್ಚಳದ ಮೇಲೆ ಇದೇ ಚಿತ್ರವಿತ್ತು. ಗುಂಡಿ ಆರಿಸುವ ನೆಪದಲ್ಲಿ ಇಬ್ಬರೂ ಅದರ ಮೇಲೆ ಎಷ್ಟೋ ಹೊತ್ತು ಬಗ್ಗಿದ್ದುಂಟು. ನಿಜವಾದದ್ದನ್ನು ಒಮ್ಮೆ ನೋಡೋಣ ಎಂದು ಕರೆದವನು ಅವನೇ. ಡಬ್ಬಿಯ ಮೇಲಿನ ಹೂವುಗಳು ಸವೆದು ಕಂದಾಗಿದ್ದವು. ಇಲ್ಲಿಯ ಕೆಂಪು ಮುಟ್ಟಿದರೆ ಬೆರಳಿಗೆ ಅಂಟೀತು ಅನ್ನುವಷ್ಟು ಹಸಿ. ಹತ್ತಿರ ಹೋದರೆ ಬರೀ ಬಣ್ಣದ ಮೆತ್ತುಗಳು. ಹಿಂದೆ ಸರಿದರೆ ಹುಲ್ಲೆಲ್ಲ ಗಾಳಿಗೆ ಓಲಾಡಿತು. ಅವಳು ಇನ್ನಷ್ಟು ಹಿಂದೆ ಸರಿದಳು. ತಾನೇ ಹೊಲಿದ ಗುಂಡಿ ಬೆನ್ನಿಗೆ ಒತ್ತಿತು. ಇಬ್ಬರೂ ಅಲುಗಲಿಲ್ಲ.

"ಚಿತ್ರದಲ್ಲಿ ನೋಡಿ, ದಿಬ್ಬದ ಮೇಲೊಬ್ಬಳು ಹೆಂಗಸು, ಕೆಳಗೊಬ್ಬಳು. ಇಬ್ರೂ ಒಬ್ಬಳೇ ಇರ್ಬೇಕು," ಅಂದ ರೆಮಿ. "ಇಳಿದು ಬಂದಿದಾಳೆ, ಅಲ್ವಾ?"

"ಅಷ್ಟು ದೂರ ಬಂದ್ರೂ ಮಾತಾಡ್ಸೋರಿಲ್ಲ."

"ಅವಳೇ ಮೊದ್ಲು ಮಾತಾಡ್ಬೋದಲ್ಲ." ಅವನು ಈಗ ಚಿತ್ರ ನೋಡುತ್ತಿರಲಿಲ್ಲ. "ನಮ್ಮಜ್ಜಿ ಹೇಳೋರು, 'ನೀನು' ಅನ್ನೋದು ಹೆಣ್ಣಿನ ಬಾಯಿಂದ್ಲೇ ಮೊದ್ಲು ಬರ್ಬೇಕು, ಗಂಡು ಕಾಯ್ಬೇಕು ಅಂತ. ನೀವೇನಂತೀರಿ?"

ಹಾಗಾದರೆ ಇಷ್ಟು ದಿನ ಅವನೂ ಕಾಯುತ್ತಿದ್ದ. ಇನ್ನು ಅವಳು ಅಂದರೆ ಸಾಕು. ಒಂದೇ ಒಂದು ಮಾತು, ಮಕ್ಕಳೂ ಆಡುವಂಥದ್ದು.

"ನಿಮ್ಮ... ನಿಮ್ಮ ರೈಲು ತಪ್ಪಿಹೋಗುತ್ತೆ," ಅಂದಳು.

ರೆಮಿ ಮುಗುಳ್ನಕ್ಕ. ಕೋಟಿನ ಗುಂಡಿ ಹಾಕಿಕೊಂಡ.

ಮೆಟ್ರೊ ಮೆಟ್ಟಿಲ ಬಳಿ ಅವನು ಒಂದು ಕೆನ್ನೆಗೊಂದು, ಇನ್ನೊಂದಕ್ಕೊಂದು ಮುತ್ತಿಟ್ಟು ಹಿಂದೆ ಸರಿದ. ಮಫ್ಲರಿನ ಆ ದಿನದಿಂದ ಅವನು ಪ್ಯಾರಿಸ್ಸಿನ ಲೆಕ್ಕ ಕಲಿತಿದ್ದ. ಅವಳು ಅವನೂರಿನ ಲೆಕ್ಕ ಕಲಿತಿದ್ದಳು. ಮೂರನೆಯದಕ್ಕೆ ಕೆನ್ನೆಯೊಡ್ಡಿ, ಕಣ್ಣು ಮುಚ್ಚಿ, ನಿಂತೇ ಇದ್ದಳು.

ಕಣ್ಣು ತೆರೆದಾಗ ಅವನ ತಲೆ ಜನರ ನಡುವೆ ಕೆಳಗಿಳಿಯುತ್ತಿತ್ತು. ಸುರಂಗದಿಂದ ಬಿಸಿಗಾಳಿ ಎದ್ದು ಮುಖಕ್ಕೆ ಬಡಿಯಿತು.

"ರೆಮಿ," ಅಂದಳು ಅವಳು, ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ. "ಇನ್ನೊಂದು ಬಾಕಿ ಇದೆ. ಕೊಟ್ಟು ಹೋಗು."