ಅಕ್ಕ ಹಾಕಿದ ಕೋಟ್ ಗುರುತು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನಷ್ಟೇ ಹೇಳುತ್ತೇನೆ.

ಅಕ್ಕನೂ ನಾನೂ ಒಂದೇ ಕೋಣೆಯಲ್ಲಿ ಕೂತು ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ದಿನಾ ಸಂಜೆ ನಾಲ್ಕು ಗಂಟೆಗೆ ಅವಳ ಪ್ರೋಗ್ರಾಂ ಸ್ಪೀಕರಿನಲ್ಲಿ ಅವಳದೇ ದನಿಯಲ್ಲಿ ಕೂಗುತ್ತಿತ್ತು: "ಏಳೋ ಸೋಮಾರಿ, ಬೆನ್ನು ನೆಟ್ಟಗೆ ಮಾಡ್ಕೋ!"

ಕಾಯಿಲೆ ಕೈಮೀರಿದಾಗ ಅವಳು ಪ್ರೋಗ್ರಾಮಿನಲ್ಲಿ ಹಾಗೆ ಕೂಗಿಸುವ ಸಾಲಿನ ಮುಂದೆ ಒಂದು ಕೋಟ್ ಗುರುತು, ಅಂದರೆ ಒಂಟಿ ಉದ್ಧರಣ ಚಿಹ್ನೆ, ಹಾಕಿದಳು.

"ಇದಿದ್ರೆ ಕಂಪ್ಯೂಟರ್ ಸಾಲನ್ನ ಹಾಗೇ ಇಟ್ಕೊಳ್ಳತ್ತೆ, ನಡೆಸಲ್ಲ. ನಾನು ಹೋದ್ಮೇಲೆ ಇದು ಕೂಗಿದ್ರೆ ನೀನು ತಡ್ಕೊಳ್ಳಲ್ಲ ಕಣೋ."

ಅವಳು ಹೋದ ಹದಿನೈದನೇ ದಿನ ತಡೆಯಲಾಗದೆ ಆ ಗುರುತನ್ನು ಅಳಿಸಿದೆ. ನಾಲ್ಕು ಹೊಡೆಯಿತು. ಕೂಗುವ ಮುನ್ನ ಅವಳು ಎಳೆದುಕೊಳ್ಳುತ್ತಿದ್ದ ಉಸಿರು ಕೇಳಿಸಿತು, ಅಷ್ಟೇ.

ಆ ಸಾಲು ಅವಳ ಮ್ಯಾಕ್ರೋ ಒಂದರ ಮೂಲಕ ಹಾದುಹೋಗುತ್ತಿತ್ತು. ಮ್ಯಾಕ್ರೋ ಎಂದರೆ ನಾವು ಕೊಟ್ಟ ಸಾಲನ್ನು ನಡೆಸದೆ, ಅದರಿಂದ ಹೊಸ ಸಾಲು ಬರೆದುಕೊಡುವ ತುಣುಕು. ನಡೆಸುವ ಮೊದಲು ಅದು ಬರೆದದ್ದನ್ನು ತೆರೆದು ನೋಡಬೇಕೆಂಬುದು ಅಕ್ಕನ ಪಾಠ. ನೋಡಿದೆ. ನಾನು ಅಳಿಸಿದ್ದ ಗುರುತು ಹೊಸ ಸಾಲಿನಲ್ಲಿತ್ತು. ಮ್ಯಾಕ್ರೋವನ್ನು ಒಂದಕ್ಷರ ಬಿಡದೆ ಓದಿದೆ. ಗುರುತು ಹಾಕು ಎಂದು ಎಲ್ಲೂ ಇರಲಿಲ್ಲ.

ಸಿಟ್ಟಿನಲ್ಲಿ ಮ್ಯಾಕ್ರೋವನ್ನೇ ಕಿತ್ತುಹಾಕಿ, ಗುರುತಿಲ್ಲದ ಬರಿಯ ಸಾಲನ್ನು ಕೈಯಾರೆ ಬರೆದೆ.

"ಒಂದೇ ಒಂದ್ಸಲ ಕೂಗಕ್ಕಾ," ಎಂದು ಅಂಗಲಾಚಿದೆ.

ಮುಖ ತೊಳೆದು ಬಂದಾಗ ನನ್ನ ಕುರ್ಚಿ ಕುಳ್ಳಿಯಾಗಿದ್ದ ಅಕ್ಕ ಕೂರುತ್ತಿದ್ದ ಎತ್ತರಕ್ಕೆ ಇಳಿದಿತ್ತು. ನಾನು ಬರೆದ ಸಾಲಿನ ಮುಂದೆ ಎರಡು ಕೋಟ್ ಗುರುತುಗಳಿದ್ದವು.